ದಪ್ಪಿನ ಮುಂದೆ, ಮೈಕಿನ ಮುಂದೆ: ನನ್ನ ಅನುಭವ

ಬೈಲಹೊಂಗಲ ತಾಲೂಕಿನ ನಮ್ಮೂರಿನಲ್ಲಿ ನನ್ನ ಸೋದರಮಾವ ಒಂದು ಗೀಗೀ ಮೇಳ ಕಟ್ಟಿದ್ದರು. ಮಾವ ದಪ್ಪು ಎಂಬ ಚರ್ಮವಾದ್ಯವನ್ನು ಎದೆಗೆ ಆನಿಸಿಕೊಂಡು ಮುಂದೆ ನಿಂತು ಹಾಡಿದರೆ, ಹಿಂದೆ ಒಬ್ಬರು ತುಂತುಣಿ ಮೀಟುತ್ತ, ಇನ್ನೊಬ್ಬರು ತಾಳ ಹಾಕುತ್ತ, ನುಡಿ ಮುಗಿದಾಗಲೆಲ್ಲ ‘ಗೀಯ ಗೀಯ’ ಎಂದು ದನಿ ಕೂಡಿಸುತ್ತಿದ್ದರು. ನಾನು ಹನ್ನೆರಡನೆಯ ವಯಸ್ಸಿನಲ್ಲಿ ತಾಳ ಹಿಡಿದು ಆ ಹಿಮ್ಮೇಳಕ್ಕೆ ಸೇರಿದೆ. ಮುಂದೆ ಮೇಳದ ಹಾಡುಗಾರನಾದೆ, ಆಕಾಶವಾಣಿಯ ಜಾನಪದ ಕಲಾವಿದನಾದೆ, ಅಲ್ಲಿಯೇ ಅರೆಕಾಲಿಕ ಉದ್ಘೋಷಕನಾದೆ, ಕೊನೆಗೆ ಹಾಸ್ಯ ಕಾರ್ಯಕ್ರಮಗಳ ವೇದಿಕೆಯನ್ನೂ ಏರಿದೆ. ಇಷ್ಟು ಬೇರೆ ಬೇರೆ ಕೆಲಸಗಳನ್ನು ಹೇಗೆ ನಿಭಾಯಿಸಿದಿರಿ ಎಂದು ಈಗಿನ ಹುಡುಗರು ಕೇಳುವುದರಿಂದ, ನಡೆದದ್ದನ್ನು ನಡೆದ ಹಾಗೆ ಬರೆದಿಡಲು ಕುಳಿತಿದ್ದೇನೆ.

ಮಾವ ನನಗೆ ಕಲಿಸಿದ ಮೊದಲ ಪಾಠ ಹಾಡುವುದಲ್ಲ, ಸುಮ್ಮನಿರುವುದು. ಹಿಮ್ಮೇಳದವರ ‘ಗೀ’ ಎಂಬ ಎಳೆತ ಬರಿಯ ಅಲಂಕಾರವೆಂದು ನಾನು ತಿಳಿದಿದ್ದೆ. ಒಂದು ರಾತ್ರಿ ಉತ್ಸಾಹದಲ್ಲಿ ಅದನ್ನು ಚಿಕ್ಕದು ಮಾಡಿ, ಮುಂದಿನ ನುಡಿಗೆ ಮಾವನನ್ನು ಅವಸರಿಸಿದೆ. ಹಾಡಿಕೆ ಮುಗಿದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು, “ಅಳಿಯಾ, ಆ ಉಸಿರು ನನಗಷ್ಟ ಅಲ್ಲೋ, ಕೇಳಾಕ ಕುಂತವ್ರಿಗೂ ಬೇಕು. ಹಿಂದಿನ ನುಡಿ ಅವರ ಹೊಟ್ಯಾಗ ಇಳಿಯೂತನಕ ಮುಂದಿಂದು ಬಡಸಬ್ಯಾಡ” ಎಂದರು. ನಾವು ಹಾಡುವ ಕಥನಗೀತೆಯಾದ ಲಾವಣಿಗೆ ಪಲ್ಲ, ನುಡಿ, ಚಾಲ, ಏರು, ಇಳುವು ಎಂಬ ಅಂಗಗಳಿವೆ. ಏರಿನಲ್ಲಿ ಕಥೆ ಓಡುತ್ತದೆ, ಇಳುವಿನಲ್ಲಿ ಅದು ಉಸಿರು ಬಿಡುತ್ತದೆ. ಇವೆಲ್ಲ ಕೇಳುಗನಿಗೆ ಎಷ್ಟು ಕೊಡಬೇಕು, ಎಲ್ಲಿ ತಡೆಯಬೇಕು ಎಂಬ ಲೆಕ್ಕಾಚಾರದಿಂದ ಹುಟ್ಟಿದವು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಹಾಡಿಕೆಯಿಂದ ಬಾನುಲಿಗೆ, ಬಾನುಲಿಯಿಂದ ಹಾಸ್ಯಕ್ಕೆ ದಾಟಿದಾಗಲೆಲ್ಲ ನಾನು ಎಡವಿದ್ದು ಆ ಲೆಕ್ಕದಲ್ಲಿಯೇ, ಸುಧಾರಿಸಿಕೊಂಡದ್ದೂ ಅದನ್ನು ಹೊಸದಾಗಿ ಕಲಿತೇ.

ನಮ್ಮದು ಹರದೇಶಿ ಮೇಳ. ಹರದೇಶಿಯವರು ಗಂಡು ಹೆಚ್ಚೆಂದು ವಾದಿಸಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ವಾದಿಸುತ್ತಾರೆ. ಎರಡೂ ಮೇಳಗಳು ಎದುರುಬದುರು ನಿಂತು ಸವಾಲು ಜವಾಬಿಗೆ ಇಳಿದರೆ ಬೆಳಗಾಗುವವರೆಗೆ ಬಿಡುವಿಲ್ಲ. ಪುರಾಣದ ಪ್ರಶ್ನೆಗಳು ಮುಗಿದು, ಕುಳಿತವರ ತಲೆ ತೂಗಲು ಶುರುವಾಗುವ ನಡುರಾತ್ರಿಯ ಹೊತ್ತಿಗೆ ಮಾವ ಹಾಡನ್ನು ನಿಲ್ಲಿಸಿ ಮಾತಿಗೆ ತೊಡಗುತ್ತಿದ್ದರು. ತಾಳ ಹಿಡಿದ ನಾನು ಏನೂ ಅರಿಯದ ಹುಡುಗನಂತೆ ಒಂದು ಪ್ರಶ್ನೆ ಎಸೆಯಬೇಕು, ಅವರು ಅದಕ್ಕೊಂದು ಗಂಭೀರವಾದ ಉತ್ತರ ಕೊಡಬೇಕು, ನಾನು ಆ ಉತ್ತರವನ್ನು ಅಕ್ಷರಶಃ ಹಿಡಿದು ಮತ್ತೊಂದು ಪ್ರಶ್ನೆ ಕೇಳಬೇಕು. ಹೀಗೆ ನಾಲ್ಕೈದು ಸುತ್ತಾಗುವಷ್ಟರಲ್ಲಿ ಮಲಗಿದ ಮಕ್ಕಳೂ ಎದ್ದು ಕೂಡುತ್ತಿದ್ದರು. ನನ್ನ ಹಾಸ್ಯದ ವೃತ್ತಿ ನಿಜವಾಗಿ ಹುಟ್ಟಿದ್ದು ಅಲ್ಲಿ. ದೊಡ್ಡಾಟದ ಸಾರಥಿ, ಶ್ರೀಕೃಷ್ಣ ಪಾರಿಜಾತದ ದೂತಿ, ಕಂಪನಿ ನಾಟಕದ ಹಾಸ್ಯಪಾತ್ರಧಾರಿ ಮಾಡುವ ಕೆಲಸವೂ ಇದೇ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಒಂದರ ಪಕ್ಕ ಒಂದು ಡೇರೆ ಹಾಕುತ್ತವೆ. ಆ ಸಾಲಿನಲ್ಲಿ ಕಂಪನಿಯಿಂದ ಕಂಪನಿಗೆ ಅಲೆದು, ಯಾವ ಹಾಸ್ಯನಟ ಎಲ್ಲಿ ತಡೆಯುತ್ತಾನೆ, ಎಲ್ಲಿ ಬೆನ್ನು ತಿರುಗಿಸುತ್ತಾನೆ ಎಂಬುದನ್ನು ನೋಡುತ್ತ ನಾನು ಎಷ್ಟೋ ರಾತ್ರಿಗಳನ್ನು ಕಳೆದಿದ್ದೇನೆ.

ಆಕಾಶವಾಣಿ ಧಾರವಾಡ ಕೇಂದ್ರ 1950ರ ಜನವರಿ 8ರಂದು ಆರಂಭವಾಯಿತು. ನನಗೆ ಬುದ್ಧಿ ಬರುವ ಹೊತ್ತಿಗೆ ನಮ್ಮೂರ ಪಂಚಾಯಿತಿ ಕಟ್ಟೆಯ ಮೇಲೆ ಅದರ ದನಿ ದಿನಾ ಸಂಜೆ ಕೇಳುತ್ತಿತ್ತು. ಮಧ್ಯಮ ತರಂಗದ 765 ಕಿಲೋಹರ್ಟ್ಜ್ ಎಂಬ ಸಂಖ್ಯೆ ನನಗೆ ಮಗ್ಗಿಗಿಂತ ಮೊದಲೇ ಬಾಯಿಪಾಠವಾಗಿತ್ತು. ಮಾವ ತೀರಿಕೊಂಡು ಮೇಳದ ಜವಾಬ್ದಾರಿ ನನ್ನ ಮೇಲೆ ಬಿದ್ದ ಮೇಲೆ, 1982ರಲ್ಲಿ, ಧ್ವನಿ ಪರೀಕ್ಷೆಗೆ ಅರ್ಜಿ ಹಾಕಿದೆ.

ಆ ಮೊದಲ ಪರೀಕ್ಷೆಯಲ್ಲಿ ನಾನು ತೇರ್ಗಡೆಯಾಗಲಿಲ್ಲ, ತಪ್ಪು ಪೂರ್ತಿಯಾಗಿ ನನ್ನದೇ. ಬಯಲಿನಲ್ಲಿ ಸಾವಿರ ಜನರ ಕಡೆಯ ಸಾಲಿಗೆ ತಲುಪಿಸಿ ರೂಢಿಯಾದ ಕಂಠವನ್ನು ನಾನು ಒಂದು ಗೇಣು ದೂರದ ಮೈಕಿನ ಮೇಲೆ ಹಾಗೆಯೇ ಎಸೆದಿದ್ದೆ. ಮುಖದ ಹತ್ತಿರವೇ ಹಿಡಿದಿದ್ದ ದಪ್ಪಿನ ಪೆಟ್ಟಿನಲ್ಲಿ ಅರ್ಧ ಅಕ್ಷರಗಳು ಮುಳುಗಿಹೋಗಿದ್ದವು. ಜೊತೆಗೆ ಅದು ಧಾರವಾಡದ ಜಿಟಿಜಿಟಿ ಮಳೆಯ ಕಾಲ. ದಪ್ಪಿನ ಚರ್ಮ ಥಂಡಿಗೆ ಜೋತುಬಿದ್ದು, ಒದ್ದೆ ಹಲಗೆಯಂತೆ ಬೊದಬೊದ ಎನ್ನುತ್ತಿತ್ತು. ಊರಿನಲ್ಲಾದರೆ ಜೋಳದ ಕಣಿಕೆಯ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಳ್ಳುತ್ತೇವೆ. ಸ್ಟುಡಿಯೊದಲ್ಲಿ ಬೆಂಕಿ ಹಚ್ಚುವುದು ಸಾಧ್ಯವಿಲ್ಲವೆಂದು ಒಳಗೆ ಹೋದ ಮೇಲೆ ಹೊಳೆಯಿತು.

ಮುಂದಿನ ಸಲದ ವೇಳೆಗೆ ಆರು ತಿಂಗಳು ಮನೆಯಲ್ಲಿ ಬೇರೆಯದೇ ಸಾಧನೆ ನಡೆಸಿದೆ. ಗೋಡೆಗೆ ಒಂದು ತೆಂಗಿನ ಚಿಪ್ಪು ಕಟ್ಟಿ, ಅದನ್ನೇ ಮೈಕೆಂದು ಭಾವಿಸಿ, ಎದುರಿಗೆ ಒಬ್ಬನೇ ಒಬ್ಬ ಮನುಷ್ಯ ಕುಳಿತಿದ್ದಾನೆ ಎಂದುಕೊಂಡು ಅದೇ ಲಾವಣಿಯನ್ನು ಕಾಲು ದನಿಯಲ್ಲಿ ಹಾಡಿದೆ. ದನಿ ತಗ್ಗಿಸಿದರೆ ಹುರುಪೂ ತಗ್ಗುತ್ತದೆ, ಅದೇ ಕಷ್ಟ. ಹುರುಪನ್ನು ಕಂಠದಿಂದ ತೆಗೆದು ಅಕ್ಷರದ ಅಂಚಿಗೆ ತರಬೇಕು. ‘ಕತ್ತಿ’ ಎಂಬ ಪದದ ಒತ್ತಕ್ಷರವನ್ನು ನಾಲಿಗೆಯ ತುದಿಯಲ್ಲಿ ಗಟ್ಟಿಯಾಗಿ ಒತ್ತಿದರೆ, ಕೂಗದೆಯೂ ಅದು ಹೊಳೆಯುತ್ತದೆ. ದಪ್ಪನ್ನು ಮೈಕಿಗೆ ಅಡ್ಡವಾಗಿ, ಅದರ ಮುಖ ಪಕ್ಕಕ್ಕೆ ಬರುವಂತೆ ಹಿಡಿಯುವುದನ್ನು ರೂಢಿಸಿಕೊಂಡೆ. ಪರೀಕ್ಷೆಯ ದಿನ ಮುಂಜಾನೆ ರಸ್ತೆಯಂಚಿನ ಚಹಾದಂಗಡಿಯ ಒಲೆಯ ಮುಂದೆ ಅಂಗಡಿಯವರ ಅಪ್ಪಣೆ ಪಡೆದು ದಪ್ಪನ್ನು ಕಾಯಿಸಿ, ಕಂಬಳಿಯಲ್ಲಿ ಸುತ್ತಿಕೊಂಡು ಒಳಗೆ ಒಯ್ದೆ. ಆ ಸಲ ತೇರ್ಗಡೆಯಾದೆ, ‘ಬಿ’ ಶ್ರೇಣಿ ಸಿಕ್ಕಿತು.

ಅದಾದ ಮೇಲೆ ಎದುರಾದದ್ದು ಸಮಯದ ತೊಡಕು. ನಮ್ಮ ಲಾವಣಿ ಮುಕ್ಕಾಲು ತಾಸು ನಡೆಯುವಂಥದ್ದು, ಪ್ರಸಾರದ ಅವಧಿ ಹತ್ತು ನಿಮಿಷ. ಮೊದಮೊದಲು ನಾನು ಒಂದು ಬಿಟ್ಟು ಒಂದು ನುಡಿ ಹಾಡಿ ಕಥೆಯನ್ನು ಕುಗ್ಗಿಸಿದೆ. ಕೇಳಿದರೆ ಅದು ಎಲುಬಿನ ಹಂದರದಂತಿತ್ತು, ಮಾಂಸವೇ ಇರಲಿಲ್ಲ. ನಂತರ ಕಥೆಯನ್ನು ಬಿಟ್ಟು ಒಂದೇ ಒಂದು ಸಂದರ್ಭವನ್ನು ಹಿಡಿಯತೊಡಗಿದೆ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು ಎಂಬುದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಹುಟ್ಟಿನಿಂದ ಗಲ್ಲಿನವರೆಗೆ ಎಲ್ಲವನ್ನೂ ಹೇಳುವ ಅಗತ್ಯ ಅಲ್ಲಿಲ್ಲ. ಅವನನ್ನು ಮೋಸದಿಂದ ಹಿಡಿದುಕೊಟ್ಟ ಗಳಿಗೆಯೊಂದನ್ನೇ ಹತ್ತು ನಿಮಿಷ ಹಾಡಿದರೆ, ಉಳಿದದ್ದನ್ನು ಕೇಳುವವರು ತಮ್ಮ ನೆನಪಿನಿಂದಲೇ ತುಂಬಿಕೊಳ್ಳುತ್ತಾರೆ. 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ದಂಗೆಯೆದ್ದ ಹಲಗಲಿ ಬೇಡರ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 19ನೆಯ ಶತಮಾನದಲ್ಲಿಯೇ ಸಂಗ್ರಹಿಸಿ ಅಚ್ಚು ಹಾಕಿಸಿದ್ದರು. ಅದರ ವಿಷಯವನ್ನೂ ನಾನು ಹೀಗೆಯೇ, ಊರಿನವರು ಆಯುಧ ಕೊಡುವುದಿಲ್ಲವೆಂದು ಕೂಡಿ ಮಾತಾಡುವ ಒಂದು ಸಂದರ್ಭಕ್ಕೆ ಇಳಿಸಿ, ಹೊಸ ನುಡಿಗಳನ್ನು ಕಟ್ಟಿ ಹಾಡಿದ್ದೇನೆ. ಹಳೆಯದನ್ನು ಕತ್ತರಿಸಿ ಹೊಸದೆಂದು ಹೇಳಲಿಲ್ಲ; ಕಟ್ಟಿದ್ದು ನಾನೆಂದು ಪ್ರತಿ ಸಲವೂ ಹೇಳಿಸಿದ್ದೇನೆ. ಜಾನಪದವೆಂಬ ಹೆಸರಿನ ಕೆಳಗೆ ತಮ್ಮ ರಚನೆಯನ್ನು ತೂರಿಸುವುದು ಹಳೆಯ ಹಾಡುಗಾರರಿಗೆ ಮಾಡುವ ಅನ್ಯಾಯವೆಂದೇ ನನ್ನ ನಂಬಿಕೆ.

ಧ್ವನಿಮುದ್ರಣಕ್ಕೆ ಹೋಗಿ ಬರುತ್ತಿರುವಾಗಲೇ ಅರೆಕಾಲಿಕ ಉದ್ಘೋಷಕರ ಪರೀಕ್ಷೆಯ ಪ್ರಕಟಣೆ ಕೇಳಿ, ಅದನ್ನೂ ಬರೆದು, ಆಯ್ಕೆಯಾದೆ. ತಿಂಗಳಿಗೆ ಹೆಚ್ಚೆಂದರೆ ಆರು ಪಾಳಿ. ಹೊಟ್ಟೆಪಾಡಿಗೆ ಅದು ಸಾಲದು. ಹೊಲದ ಕೆಲಸ, ಮೇಳದ ಹಾಡಿಕೆ, ಮದುವೆ ಮತ್ತು ಸನ್ಮಾನ ಸಮಾರಂಭಗಳ ನಿರೂಪಣೆ ಎಲ್ಲ ಸೇರಿಯೇ ಸಂಸಾರ ನಡೆಯಿತು. ಆದರೂ ಮುಂಜಾನೆಯ ಪಾಳಿಗೆ ನಸುಕಿನಲ್ಲಿ ನಡೆದು ಹೋಗಿ, ಸ್ಟುಡಿಯೊದ ದಪ್ಪ ಬಾಗಿಲು ಹಿಂದೆ ಮುಚ್ಚಿಕೊಂಡಾಗ ಹೊರಗಿನ ಹಕ್ಕಿಯ ಸದ್ದೂ ಕಡಿದುಹೋಗುವ ಆ ಕ್ಷಣಕ್ಕಾಗಿ ನಾನು ಯಾವ ಕೆಲಸವನ್ನಾದರೂ ಬಿಟ್ಟು ಬರುತ್ತಿದ್ದೆ. ವಾಲ್ಟರ್ ಕೌಫ್‌ಮನ್ ಸಂಯೋಜಿಸಿದ ಆಕಾಶವಾಣಿಯ ಸಂಕೇತ ಧ್ವನಿ ಮುಗಿಯುತ್ತ ಬಂದಂತೆ ಕೈ ಧ್ವನಿ ಏರಿಳಿಸುವ ಫೇಡರಿನ ಮೇಲೆ, ಕಣ್ಣು ಗಡಿಯಾರದ ಸೆಕೆಂಡಿನ ಮುಳ್ಳಿನ ಮೇಲೆ. ಮೇಜಿನ ಮೇಲೆ ಆ ದಿನದ ಕಾರ್ಯಕ್ರಮಗಳ ಪಟ್ಟಿಯಾದ ಕ್ಯೂ ಶೀಟು, ಪಕ್ಕದಲ್ಲಿ ಅನುಕ್ರಮವಾಗಿ ಜೋಡಿಸಿಟ್ಟ ಟೇಪುಗಳು. ಸಂಕಲನದ ಕೋಣೆಯಲ್ಲಿ ಕಾಲು ಇಂಚು ಅಗಲದ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸುವುದನ್ನು ಕಲಿತದ್ದು ಮುಂದೆ ಹಾಸ್ಯಕ್ಕೂ ನೆರವಾಯಿತು. ಟೇಪು ಸೆಕೆಂಡಿಗೆ ಏಳೂವರೆ ಇಂಚು ಓಡುತ್ತದೆ. ಅಂದರೆ ಅರ್ಧ ಸೆಕೆಂಡಿನ ಮೌನ ನಾಲ್ಕು ಬೆರಳಿನಷ್ಟು ಉದ್ದವಾಗಿ ಕೈಗೆ ಸಿಗುತ್ತದೆ. ಮೌನವನ್ನು ಹಾಗೆ ಬೆರಳಲ್ಲಿ ಅಳೆದವರು ಅದನ್ನು ಮತ್ತೆಂದೂ ಖಾಲಿ ಜಾಗವೆಂದು ತಿಳಿಯಲಾರರು.

ಉದ್ಘೋಷಣೆಯ ಭಾಷೆ ನನಗೆ ಸುಲಭದಲ್ಲಿ ದಕ್ಕಲಿಲ್ಲ. ಮೇಳದಲ್ಲಿ ಆಡುಮಾತೇ ಬಂಡವಾಳ. ಇಲ್ಲಿ ಗ್ರಾಂಥಿಕ ಕನ್ನಡ, ಮಹಾಪ್ರಾಣ ಸ್ಪಷ್ಟವಾಗಬೇಕು, ‘ಶ’, ‘ಷ’, ‘ಸ’ ಬೇರೆ ಬೇರೆಯಾಗಿ ಕೇಳಬೇಕು. ನಾನು ಎತ್ತುಗಳಿಗೆ ನೀರು ಕುಡಿಸುವಾಗಲೂ ‘ವಿಶೇಷ’, ‘ಭಾಷಣ’, ‘ಸಂಘರ್ಷ’ ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಅದೇ ರೈತರ ಕಾರ್ಯಕ್ರಮಕ್ಕೆ ಕುಳಿತಾಗ ಧಾರವಾಡದ ಮಾತಿಗೆ ಮರಳಬೇಕು. ಒಂದೇ ಸಂಜೆಯಲ್ಲಿ ಎರಡು ಭಾಷೆ. ಮೊದಲ ವರ್ಷ ನಾನು ಎರಡನ್ನೂ ಬೆರೆಸಿ ಕೆಡಿಸುತ್ತಿದ್ದೆ. ಕೊನೆಗೆ ಒಂದು ಉಪಾಯ ಕಂಡುಕೊಂಡೆ. ಉದ್ಘೋಷಣೆಗೆ ನೆಟ್ಟಗೆ ಕುಳಿತು ಎರಡೂ ಪಾದ ನೆಲಕ್ಕೂರುವುದು, ರೈತರ ಕಾರ್ಯಕ್ರಮಕ್ಕೆ ಒಂದು ಕಾಲು ಮಡಚಿ ಕಟ್ಟೆಯ ಮೇಲೆ ಕುಳಿತಂತೆ ಕೂಡುವುದು. ಮೈ ಬದಲಾದರೆ ನಾಲಿಗೆ ತಾನಾಗಿ ಬದಲಾಯಿತು.

ಆ ರೈತರ ಕಾರ್ಯಕ್ರಮದಲ್ಲಿ ಪೇಟೆ ಧಾರಣೆ ಓದುವುದು ನನ್ನ ಪಾಲಿಗೆ ಬಂತು. ಹುಬ್ಬಳ್ಳಿಯ ಹತ್ತಿ, ಅದರಲ್ಲಿ ವರಲಕ್ಷ್ಮಿ, ಜಯಧರ, ಡಿಸಿಎಚ್ ತಳಿಗಳು. ಬ್ಯಾಡಗಿಯ ಮೆಣಸಿನಕಾಯಿ, ಅದರಲ್ಲಿ ಕಡ್ಡಿ, ಡಬ್ಬಿ. ಪ್ರತಿಯೊಂದಕ್ಕೂ ಕ್ವಿಂಟಲಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂಬ ದರ. ಕೇಳಲು ಬೇಸರ ತರುವ ಆ ಪಟ್ಟಿಗೆ ಒಂದು ಲಯ ಕೊಟ್ಟು, ಲಾವಣಿಯ ಚಾಲಿನ ಹಾಗೆ ಓಡಿಸಿ ಓದುತ್ತಿದ್ದೆ. ಕೇಳಲು ಇಂಪಾಗಿದೆ ಎಂದು ಸ್ನೇಹಿತರು ಹೊಗಳುತ್ತಲೂ ಇದ್ದರು. ಹೀಗಿರಲು ಒಂದು ಕಾರ್ಡು ಬಂತು. ಪೆನ್ಸಿಲಿನಲ್ಲಿ ಬರೆದ ದಪ್ಪ ಅಕ್ಷರಗಳು. ಬರೆದವರು ರೋಣದ ಕಡೆಯ ಒಬ್ಬ ಹಿರಿಯ ರೈತರು. “ನಿಮ್ಮ ದನಿ ಚಲೋ ಐತಿ. ಆದರ ನೀವು ಹಾಡಿದಂಗ ಓದತೀರಿ. ನಮ್ಮ ಓಣ್ಯಾಗ ರೇಡಿಯೊ ಇರೂದು ನಮ್ಮ ಮನ್ಯಾಗಷ್ಟ. ನಾನು ದರ ಬರಕೊಂಡು ನಾಕ ಮನಿಗೆ ಹೇಳಬೇಕು. ಕಡ್ಡಿ ದರ ಬರಿಯೂದ್ರಾಗ ಡಬ್ಬಿ ದರ ಮುಗದಿರತೈತಿ. ಮೊನ್ನೆ ತಪ್ಪು ಬರಕೊಂಡು ಒಬ್ಬಾಂವ ಚೀಲ ಹೇರಿಕೊಂಡು ಹೋಗಿ ತಿರುಗಿ ಬಂದ.”

ಆ ಕಾರ್ಡನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನನ್ನ ಇಂಪಿಗಾಗಿ ಒಬ್ಬ ರೈತನ ಚೀಲ, ಗಾಡಿ, ಒಂದು ದಿನದ ದುಡಿಮೆ ಹಾಳಾಗಿತ್ತು. ಮಾವ ಹೇಳಿದ ಮಾತನ್ನು ಹಾಡಿಗೆ ಮಾತ್ರ ಅನ್ವಯಿಸಿಕೊಂಡು ಉಳಿದೆಡೆ ಮರೆತಿದ್ದೆ. ಅಂದಿನಿಂದ ಓದುವಾಗ ಎಡಗೈಯಲ್ಲಿ ನಾನೂ ಒಂದು ಪೆನ್ಸಿಲ್ ಹಿಡಿದು, ಪ್ರತಿ ದರವನ್ನು ಹೇಳಿದ ಮೇಲೆ ಎದುರಿನ ಹಾಳೆಯಲ್ಲಿ ಬರೆದು, ಬರೆಯುವುದು ಮುಗಿದ ಮೇಲೆಯೇ ಮುಂದಿನದಕ್ಕೆ ಹೋಗುವುದನ್ನು ರೂಢಿಸಿಕೊಂಡೆ. ಎಡಗೈಯಲ್ಲಿ ಬರೆಯುವುದು ನನಗೆ ನಿಧಾನ, ಅದಕ್ಕಾಗಿಯೇ ಎಡಗೈ. ಪಟ್ಟಿ ಉದ್ದವಾಗಿ ಸಮಯ ಸಾಲದಾದಾಗ, ಕಾರ್ಯಕ್ರಮದ ಆರಂಭದ ನನ್ನ ಮಾತುಗಳನ್ನು ಕಡಿಮೆ ಮಾಡಿಕೊಂಡೆನೇ ಹೊರತು ದರಗಳ ನಡುವಿನ ತಡೆಯನ್ನು ಕಡಿಮೆ ಮಾಡಲಿಲ್ಲ. ಬಯಲಿನ ಹಾಡಿಕೆಯಲ್ಲಿ ಕೇಳುಗರ ಮುಖ ಕಾಣುತ್ತದೆ, ಬೇಸರವೂ ಒಪ್ಪಿಗೆಯೂ ಅಲ್ಲಿಯೇ ತಿಳಿಯುತ್ತದೆ. ಸ್ಟುಡಿಯೊದಲ್ಲಿ ಎದುರಿಗಿರುವುದು ಗಾಜು ಮಾತ್ರ. ಆ ಕಾರ್ಡು ಬಂದ ಮೇಲೆ ಗಾಜಿನ ಆಚೆ ಪೆನ್ಸಿಲ್ ಹಿಡಿದ ಒಬ್ಬ ಮುದುಕರು ನನಗೆ ಯಾವಾಗಲೂ ಕಾಣುತ್ತಿದ್ದರು.

ಹಾಸ್ಯದ ವೇದಿಕೆಗೆ ನಾನು ಬಂದದ್ದು ತೊಂಬತ್ತರ ದಶಕದಲ್ಲಿ. ಗಣೇಶನ ಹಬ್ಬ, ಶಿವರಾತ್ರಿಯ ಜಾಗರಣೆ, ಊರ ಜಾತ್ರೆಗಳಲ್ಲಿ ನಗೆಹಬ್ಬಗಳು ಹೆಚ್ಚುತ್ತಿದ್ದ ಕಾಲವದು. ರೇಡಿಯೊದಲ್ಲಿ ಕೇಳಿದ ದನಿಯ ಮನುಷ್ಯ ಹೇಗಿದ್ದಾನೆ ನೋಡೋಣವೆಂದು ಜನ ಕರೆಸುತ್ತಿದ್ದರು. ಒಬ್ಬನೇ ನಿಂತು ಒಂದೂವರೆ ತಾಸು ನಗಿಸುವುದು ಮೇಳದ ನಡುರಾತ್ರಿಯ ಮಾತುಕತೆಗಿಂತ ಬೇರೆ. ಅಲ್ಲಿ ಮಾವ ಇದ್ದರು, ಇಲ್ಲಿ ಮಾತು ಎತ್ತಿಕೊಡುವವರಿಲ್ಲ. ಆ ಎರಡನೆಯ ಪಾತ್ರವನ್ನು ಜನರಿಗೇ ಒಪ್ಪಿಸಬೇಕೆಂದು ನಿಧಾನಕ್ಕೆ ತಿಳಿಯಿತು. ಅವರ ನಗೆಯೇ ಅವರ ಮಾತು. ನಗೆ ಮುಂದಿನ ಸಾಲಿನಲ್ಲಿ ಹುಟ್ಟಿ, ಹಿಂದಕ್ಕೆ ಹರಡಿ, ಏರಿ, ಇಳಿಯತೊಡಗುತ್ತದೆ. ಪೂರ್ತಿ ಇಳಿಯುವವರೆಗೆ ಕಾದರೆ ಬಯಲು ತಣ್ಣಗಾಗುತ್ತದೆ, ಏರುತ್ತಿರುವಾಗ ಮಾತಾಡಿದರೆ ನಗೆ ಕತ್ತರಿಸಿಹೋಗುತ್ತದೆ. ಇಳಿಯಲು ಶುರುವಾದ ಗಳಿಗೆಯಲ್ಲಿ, ಮೊದಲು ಮುಖ್ಯವಲ್ಲದ ಎರಡು ಪದ ಹೇಳಿ, ಆಮೇಲೆ ವಿಷಯಕ್ಕೆ ಬರಬೇಕು. ನನಗೆ ಅದು ಲಾವಣಿಯ ಇಳುವಿನ ಹಾಗೆಯೇ ಕೇಳಿಸುತ್ತಿತ್ತಾದ್ದರಿಂದ ಬೇಗ ಒಲಿಯಿತು.

ರೇಡಿಯೊದ ಹಾಸ್ಯದಲ್ಲಿ ಇದು ಯಾವುದೂ ನಡೆಯಲಿಲ್ಲ. ಅಲ್ಲಿ ನಗೆ ಕೇಳುವುದಿಲ್ಲ. ನಗೆಗೆಂದು ಎರಡು ಸೆಕೆಂಡು ತಡೆದರೆ ಯಂತ್ರ ಕೆಟ್ಟಿದೆಯೆಂದು ಮಂದಿ ರೇಡಿಯೊದ ಗುಂಡಿ ತಿರುವುತ್ತಾರೆ. ತಡೆಯದೆ ಹೋದರೆ ನಕ್ಕವರಿಗೆ ಮುಂದಿನ ಮಾತು ತಪ್ಪಿಹೋಗುತ್ತದೆ. ಹಾಗಾಗಿ ನಗೆಯ ಮಾತಿನ ಹಿಂದೆ, ತಪ್ಪಿದರೂ ನಷ್ಟವಿಲ್ಲದ ಒಂದು ಸಾದಾ ವಾಕ್ಯವನ್ನು ಬರೆದಿಡುತ್ತಿದ್ದೆ. ‘ಹಿಂಗಂದು ಆತ ಟಾವೆಲ್ ಜಾಡಿಸಿ ಹೆಗಲ ಮ್ಯಾಲೆ ಹಾಕ್ಕೊಂಡ’ ಎಂಬಂಥ ವಾಕ್ಯ. ಮನೆಯಲ್ಲಿ ನಗುವವರು ನಗಲಿ, ನಗದವರಿಗೆ ಟಾವೆಲ್ ಕಾಣಲಿ.

ಈಗ ಹೇಳಬೇಕಾದದ್ದು ನನ್ನ ದೊಡ್ಡ ತಪ್ಪು. ಆರಂಭದ ಕೆಲವು ವರ್ಷ ನನ್ನ ಕಾರ್ಯಕ್ರಮದ ಅರ್ಧ ಭಾಗ ಹೆಂಡತಿಯರ ಮೇಲಿನ ಹಾಸ್ಯವೇ ಆಗಿತ್ತು. ಎಲ್ಲರೂ ಅದನ್ನೇ ಹೇಳುತ್ತಿದ್ದರು, ನಗೆ ಖಚಿತವಾಗಿ ಬರುತ್ತಿತ್ತು, ನಾನೂ ಹೇಳಿದೆ. ಒಂದು ಜಾತ್ರೆಗೆ ಅವ್ವನನ್ನು ಕರೆದೊಯ್ದಿದ್ದೆ. ಅವಳು ಮುಂದಿನ ಸಾಲಿನಲ್ಲಿ ಓಣಿಯ ಹೆಂಗಸರೊಂದಿಗೆ ಕುಳಿತಿದ್ದಳು. ಗಂಡಸರು ಬಿದ್ದು ಬಿದ್ದು ನಗುತ್ತಿದ್ದರು. ಹೆಂಗಸರು ಸೆರಗು ಬಾಯಿಗೆ ಹಿಡಿದಿದ್ದರು. ನಗೆಯನ್ನು ಮುಚ್ಚಿಕೊಳ್ಳುತ್ತಿದ್ದಾರೆಂದು ನಾನು ಭಾವಿಸಿದೆ. ಮನೆಗೆ ಬರುವ ದಾರಿಯಲ್ಲಿ ಅವ್ವ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ, “ನಮ್ಮನ್ನ ನೋಡಿ ಮಂದಿ ನಗೂಹಂಗ ಮಾಡಿದೆಲ್ಲೋ ಯಪ್ಪಾ. ನಾವು ಬೀಸುವಾಗ ಹಾಡತಿದ್ವಿ, ಬೀಗರ ಹಾಡು ಹಾಡತಿದ್ವಿ, ಆಗ ಯಾರನ್ನ ನೋಡಿ ನಗತಿದ್ವಿ, ನಿನಗ ನೆನಪಿಲ್ಲೇನು?” ಎಂದಳು.

ನೆನಪಿತ್ತು. ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯ ಬೀಗತಿಯನ್ನು, ವರದಕ್ಷಿಣೆ ಎಣಿಸುವ ಬೀಗನನ್ನು ಎದುರಿಗೇ ಕೂಡಿಸಿ ಹಾಡಿನಲ್ಲಿ ಹಣಿಯುತ್ತಾರೆ. ‘ಬಂಡಿ ತುಂಬ ಬೆಡಗ ಹೇರಿಕೊಂಡ ಬಂದಾಳ ಬೀಗತಿ, ನಮ್ಮನಿ ಬಾಗಿಲ ಸಾಲವಲ್ದು’ ಎಂಬ ಧಾಟಿಯಲ್ಲಿ ಹಾಡು ಸಾಗುತ್ತದೆ. ಆ ಒಂದು ದಿನ ಅವರಿಗೆ ಆ ಅಧಿಕಾರವಿರುತ್ತದೆ. ಗಂಡನ ಹೆಸರು ಹೇಳಲು ಒತ್ತಾಯಿಸಿದಾಗ ಒಡಪಿನಲ್ಲಿ ಹೇಳುವ ಹೆಣ್ಣುಮಗಳೂ ‘ಹತ್ತಿ ಹೊಲದಾಗ ಹರದಾರಿ ದಾರಿ, ನಮ್ಮವರ ಹೆಸರ ಹೇಳಾಕ ನಾಚಿಕಿ ಭಾರಿ’ ಎಂದು ಹೇಳಿಯೂ ಹೇಳದೆ ಕೇಳಿದವರನ್ನೇ ಕಾಡಿಸುತ್ತಾಳೆ. ಕೆಳಗಿರುವವರು ಮೇಲಿರುವವರನ್ನು ಅಣಕಿಸುವುದು ನಮ್ಮ ಹಾಡುಗಳ ಹಾಸ್ಯ. ನಾನು ಅದರೊಳಗೇ ಬೆಳೆದು, ವೇದಿಕೆ ಏರಿದ ಕೂಡಲೇ ತಿರುವುಮುರುವು ಮಾಡಿದ್ದೆ.

ಮುಂದಿನ ಮಳೆಗಾಲದಲ್ಲಿ ಕಾರ್ಯಕ್ರಮಗಳಿಲ್ಲದ ಎರಡು ತಿಂಗಳು ನನ್ನ ಹಾಸ್ಯದ ನೋಟುಪುಸ್ತಕವನ್ನು ಮುಂದಿಟ್ಟುಕೊಂಡು, ಪ್ರತಿಯೊಂದು ಪ್ರಸಂಗದ ಪಕ್ಕದಲ್ಲಿ, ಇಲ್ಲಿ ಯಾರು ನಗೆಗೆ ಗುರಿ ಎಂದು ಬರೆದೆ. ಹೆಂಡತಿ, ಅತ್ತೆ, ತೊದಲುವವರು, ಕಪ್ಪಗಿರುವವರು, ಯಾವುದೋ ಒಂದು ಜಾತಿಯವರು. ಇವರೇ ಮುಕ್ಕಾಲು ಪಾಲು. ಆಕಾಶವಾಣಿಯ ಪ್ರಸಾರ ಸಂಹಿತೆ ಸಮುದಾಯಗಳ ಮೇಲಿನ ದಾಳಿಯನ್ನೂ ಅಶ್ಲೀಲವನ್ನೂ ನಿಷೇಧಿಸುತ್ತದೆ. ಅದನ್ನು ಪಾಲಿಸಿಯೇ ನಾನು ಅಲ್ಲಿ ವರ್ಷಗಟ್ಟಲೆ ಮಾತಾಡಿದ್ದೆ, ಆದರೆ ಸ್ಟುಡಿಯೊದ ಬಾಗಿಲು ದಾಟಿದ ಮೇಲೆ ಆ ಶಿಸ್ತನ್ನು ಅಲ್ಲಿಯೇ ಬಿಟ್ಟು ಬರುತ್ತಿದ್ದೆ. ಆ ಪ್ರಸಂಗಗಳನ್ನೆಲ್ಲ ಹೊಡೆದು ಹಾಕಿದಾಗ ಒಂದೂವರೆ ತಾಸಿನ ಕಾರ್ಯಕ್ರಮದಲ್ಲಿ ಉಳಿದದ್ದು ಇಪ್ಪತ್ತು ನಿಮಿಷ. ಉಳಿದ ಹೊತ್ತನ್ನು ತುಂಬಲು ಎರಡು ವರ್ಷ ಬೇಕಾಯಿತು. ಬಡ್ಡಿ ಲೆಕ್ಕ ಹೇಳುವ ಸಾಹುಕಾರ, ಎರಡೂ ಕಡೆ ಸುಳ್ಳು ಹೇಳುವ ಲಗ್ನದ ದಲ್ಲಾಳಿ, ಬರಗಾಲ ನೋಡಲು ಬಂದು ಊಟದ ವ್ಯವಸ್ಥೆ ವಿಚಾರಿಸುವ ಸಾಹೇಬ, ಹೀಗೆ ಹೊಸ ಪಾತ್ರಗಳನ್ನು ಕಟ್ಟಿದೆ. ನಡುನಡುವೆ ಬೀಗರ ಹಾಡುಗಳನ್ನು ಹೆಂಗಸರಿಂದಲೇ ಹಾಡಿಸುವ ಪದ್ಧತಿ ಇಟ್ಟೆ. ಮೊದಲು ಸಂಕೋಚ, ಒಬ್ಬ ಅಜ್ಜಿ ಶುರು ಮಾಡಿದರೆ ಸಾಕು, ಆಮೇಲೆ ನನ್ನ ಕೈಯಿಂದ ಮೈಕು ಹೋಗಿಬಿಡುತ್ತಿತ್ತು. ಸೆರಗು ಬಾಯಿಂದ ಕೆಳಗಿಳಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಒಂದು ದೂರದರ್ಶನ ವಾಹಿನಿಯವರು ಹಾಸ್ಯ ಸರಣಿಯೊಂದಕ್ಕೆ ಕರೆಸಿ, ಉತ್ತರ ಕರ್ನಾಟಕದ ಮಾತನ್ನು ಇನ್ನಷ್ಟು ಎಳೆದು, ಪ್ರತಿ ವಾಕ್ಯಕ್ಕೂ ಒಂದು ಬೈಗುಳ ಸೇರಿಸಿ ಆಡಿ ಎಂದರು. ನಮ್ಮ ಭಾಷೆಯಲ್ಲಿ ಹಾಸ್ಯ ಹೇಳಬಹುದು, ನಮ್ಮ ಭಾಷೆಯನ್ನೇ ಹಾಸ್ಯ ಮಾಡಲಾರೆನೆಂದು ಹೇಳಿ ಎದ್ದು ಬಂದೆ. ಆ ಮಾತಿನಲ್ಲಿಯೇ ಅಳುತ್ತೇವೆ, ಆ ಮಾತಿನಲ್ಲಿಯೇ ತತ್ವಪದ ಹಾಡುತ್ತೇವೆ. ಕೇಳಿದೊಡನೆ ನಗಬೇಕಾದ ಮಾತು ಅದಲ್ಲ. ಆ ನಿರ್ಧಾರದಿಂದ ಹಣ ಹೋಯಿತು, ಅದರ ಬಗ್ಗೆ ವಿಷಾದವಿಲ್ಲ. ವಿಷಾದವಿರುವುದು ಕ್ಯಾಸೆಟ್ಟಿನ ವಿಷಯಕ್ಕೆ. ಒಂದು ಕಂಪನಿಗೆ ನಮ್ಮ ಮೇಳ ಎರಡೂ ಬದಿ ತುಂಬುವಷ್ಟು ಹಾಡಿ ಕೊಟ್ಟಿತು. ಒಂದು ಸಲ ಕೈಗೆ ಬಂದ ಹಣವೇ ಕೊನೆ, ಹೊದಿಕೆಯ ಮೇಲೆ ಹಿಮ್ಮೇಳದವರ ಹೆಸರೂ ಇರಲಿಲ್ಲ. ಕಾಗದವನ್ನು ಓದದೆ ಸಹಿ ಮಾಡಿದವನು ನಾನು. ಹಾಡುವ ಹುಡುಗರಿಗೆ ಈಗ ಮೊದಲು ಹೇಳುವುದೇ ಅದನ್ನು, ಎಲ್ಲರ ಹೆಸರು ಬರೆಸಿ, ಹಕ್ಕು ಎಷ್ಟು ವರ್ಷಕ್ಕೆ ಎಂದು ಓದಿ, ಆಮೇಲೆ ಸಹಿ ಹಾಕಿ.

ಮೂರೂ ಕೆಲಸಕ್ಕೆ ಇರುವುದು ಒಂದೇ ಗಂಟಲು. ಅದನ್ನು ಕಾಯ್ದುಕೊಳ್ಳಲು ನಾನು ಮಾಡಿದ್ದು ಇಷ್ಟೇ. ರಾತ್ರಿಯ ಹಾಡಿಕೆಯ ಮರುದಿನ ಮುಂಜಾನೆಯ ಪಾಳಿ ಒಪ್ಪಿಕೊಳ್ಳಲಿಲ್ಲ, ಹಾಸ್ಯದ ಮರುದಿನ ಏರು ಶ್ರುತಿಯ ಹಾಡು ಇಟ್ಟುಕೊಳ್ಳಲಿಲ್ಲ. ನಗಿಸುವಾಗ ದನಿ ಬದಲಿಸಿ ಬದಲಿಸಿ ಆಡುವುದು ಹಾಡುವುದಕ್ಕಿಂತ ಹೆಚ್ಚು ಗಂಟಲು ಕೆಡಿಸುತ್ತದೆ ಎಂಬುದು ನನಗೆ ಗಂಟಲು ಕಟ್ಟಿದ ಮೇಲೆಯೇ ತಿಳಿಯಿತು.

ಈಗ ಪಾಳಿಗಳಿಲ್ಲ, ದೂರದ ಊರುಗಳ ಕಾರ್ಯಕ್ರಮಗಳೂ ಕಡಿಮೆ. ಮನೆಯ ಪಡಸಾಲೆಯಲ್ಲಿ ವಾರಕ್ಕೆ ಎರಡು ಸಂಜೆ ಐದಾರು ಜನ ಹುಡುಗ ಹುಡುಗಿಯರು ಕಲಿಯಲು ಬರುತ್ತಾರೆ. ತಂಗಿಯ ಮೊಮ್ಮಗಳು ನಾಗೇಶಿ ಹಾಡುತ್ತಾಳೆ, ನಾನು ಹರದೇಶಿಯ ಸವಾಲು ಹಾಕುತ್ತೇನೆ. ಅವಳ ಕಂಠ ಚೆನ್ನಾಗಿದೆ, ಓಟ ಹೆಚ್ಚು. ದಪ್ಪು ಕೈಗೆ ಕೊಡುವ ಮೊದಲು ದಿನಪತ್ರಿಕೆಯ ಪೇಟೆ ಧಾರಣೆಯ ಪುಟವನ್ನು ಅವಳ ಕೈಗೆ ಕೊಟ್ಟು ಓದಿಸುತ್ತೇನೆ. ಉಳಿದವರು ಎದುರಿಗೆ ಕುಳಿತು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾರೆ. ಎಲ್ಲರ ಪೆನ್ಸಿಲೂ ಹಾಳೆಯಿಂದ ಮೇಲೆದ್ದುದನ್ನು ನೋಡಿದ ಮೇಲೆಯೇ ಅವಳು ಮುಂದಿನ ಸಾಲು ಓದಬೇಕು. ಮೊನ್ನೆ ಅವಳು ಬ್ಯಾಡಗಿ ಕಡ್ಡಿಯ ದರ ಓದಿ, ತಲೆಯೆತ್ತಿ, ಎಲ್ಲಕ್ಕಿಂತ ಸಣ್ಣ ಹುಡುಗ ಕೊನೆಯ ಸೊನ್ನೆ ಬರೆದು ಮುಗಿಸುವವರೆಗೆ ಕಾದಳು.